ಮಧುಮೇಹಕ್ಕೆ ಮೆಂತೆ: ಅಳತೆಯಿಟ್ಟು ಬಳಸುವ ಕ್ರಮ

ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿದು ಮೆಂತೆ ಗಂಜಿ ಉಣ್ಣುವ ಮಂಗಳೂರು–ಉಡುಪಿ ಕಡೆಯ ಮನೆಗಳಲ್ಲಿ ಸಕ್ಕರೆ ಕಾಯಿಲೆಗೂ ಗಿಡಮೂಲಿಕೆ ಹುಡುಕುವುದು ಸಹಜ. ಆದರೆ ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ಮಧುನಾಶಿನಿ ಎಲೆ, ಏಕನಾಯಕನ ಬೇರು ಎಲ್ಲವನ್ನೂ ಒಟ್ಟಿಗೆ ಆರಂಭಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ತೊಂದರೆಯಾಯಿತು ಎಂಬುದು ತಿಳಿಯದು. ಒಂದನ್ನೇ ಆರಿಸುವುದಾದರೆ ನನ್ನ ಆಯ್ಕೆ ಮೆಂತೆ. ತೊಗಟೆ, ಬೇರುಗಳಂತೆ ಅದರ ಗುರುತು ತಪ್ಪುವ ಭಯವಿಲ್ಲ.

ಮೊದಲು, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿಯೊಂದಿಗೆ ವೈದ್ಯರನ್ನು ಕಾಣಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ಬಳಸುವವರಲ್ಲಿ ಮೂಲಿಕೆಯೂ ಸೇರಿದಾಗ ಸಕ್ಕರೆ ವಿಪರೀತ ಇಳಿಯಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಮತ್ತು ಗರ್ಭಿಣಿಯರು ವೈದ್ಯರು ಒಪ್ಪದೆ ಆರಂಭಿಸಬಾರದು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವಂತೆಯೂ ಇಲ್ಲ.

ಎರಡನೆಯದಾಗಿ, ಆರಂಭಿಸುವ ಮುನ್ನ ಒಂದು ವಾರ ಬರಿಹೊಟ್ಟೆಯಲ್ಲಿ ಮತ್ತು ಊಟವಾದ ಎರಡು ಗಂಟೆಗೆ ಗ್ಲೂಕೋಮೀಟರ್‌ನಲ್ಲಿ ಪರೀಕ್ಷಿಸಿ, ಉಂಡದ್ದರ ಜೊತೆಗೆ ಬರೆದಿಡಬೇಕು. ಹೋಲಿಸಲು ಈ ಲೆಕ್ಕವಿಲ್ಲದಿದ್ದರೆ ಮುಂದಿನದೆಲ್ಲ ಬರಿಯ ಊಹೆ.

ಬಳಿಕ ಒಂದು ಟೀ ಚಮಚ, ಅಂದರೆ ಸುಮಾರು 4 ಗ್ರಾಂ ಮೆಂತೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಾಳನ್ನೂ ಜಗಿದು ತಿನ್ನಬೇಕು. ಅನೇಕರು ನೀರನ್ನಷ್ಟೇ ಕುಡಿದು ಕಾಳನ್ನು ಚೆಲ್ಲುತ್ತಾರೆ. ಆದರೆ ಲೋಳೆಯಾಗಿ ಹಿಗ್ಗಿ, ಕರುಳಿನಲ್ಲಿ ಗ್ಲೂಕೋಸ್ ಹೀರಿಕೆಯನ್ನು ನಿಧಾನಗೊಳಿಸುವ ಗ್ಯಾಲಕ್ಟೋಮ್ಯಾನನ್ ಎಂಬ ನಾರು ಬಹುಪಾಲು ಉಳಿಯುವುದು ಆ ಕಾಳಿನಲ್ಲೇ. ಹೊಟ್ಟೆಯುಬ್ಬರ ಇಲ್ಲದಿದ್ದರೆ ವಾರದ ನಂತರ ಎರಡು ಚಮಚಕ್ಕೆ ಏರಿಸಬಹುದು. ಇದೇ ನಾರು ಮಾತ್ರೆಗಳ ಹೀರಿಕೆಯನ್ನೂ ತಡೆಯಬಹುದಾದ್ದರಿಂದ ನಡುವೆ ಒಂದೆರಡು ಗಂಟೆಯ ಅಂತರವಿರಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಯೋಗಗಳಲ್ಲಿ ದಿನಕ್ಕೆ 25ರಿಂದ 100 ಗ್ರಾಂನಷ್ಟು ಮೆಂತೆ ಕೊಟ್ಟಿದ್ದರು. ಒಂದೆರಡು ಚಮಚದಿಂದ ಅಷ್ಟೇ ಫಲ ನಿರೀಕ್ಷಿಸಲಾಗದು. ಬೆಲ್ಲ, ತೆಂಗಿನ ಹಾಲು ಬೆರೆಸಿದ ಮೆಂತೆ ಗಂಜಿಯನ್ನಾಗಲಿ, ಬೆಲ್ಲ ಹಾಕಿದ ಹಾಗಲಕಾಯಿ ಮೆಣಸ್ಕಾಯಿ ಗೊಜ್ಜನ್ನಾಗಲಿ ಔಷಧದ ಲೆಕ್ಕಕ್ಕೆ ಸೇರಿಸುವುದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು.

ಆರಂಭಿಸಿದ ಮೇಲೂ ಅದೇ ಹೊತ್ತಿಗೆ ಪರೀಕ್ಷಿಸುತ್ತಿರಬೇಕು. ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಮೊದಲಿನ ಮತ್ತು ನಂತರದ ಫಲಿತಾಂಶಗಳನ್ನು ಹೋಲಿಸಿ, ಮುಂದುವರಿಸಬೇಕೇ ಎಂಬುದನ್ನು ವೈದ್ಯರೊಂದಿಗೆ ನಿರ್ಧರಿಸಬಹುದು.

ನಡುಕ, ಬೆವರು, ತಲೆಸುತ್ತು ಕಾಣಿಸಿ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಕೂಡಲೇ 15 ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಕರುಳಿನಲ್ಲಿ ಪಿಷ್ಟ, ಸಕ್ಕರೆ ಒಡೆಯುವುದನ್ನು ನಿಧಾನಗೊಳಿಸುವ ಅಕಾರ್ಬೋಸ್ ಮಾತ್ರೆಯಾಗಲಿ, ಅದರಂತೆಯೇ ಕೆಲಸ ಮಾಡುವ ಏಕನಾಯಕವಾಗಲಿ ಹೊಟ್ಟೆಯಲ್ಲಿದ್ದರೆ ಅಡುಗೆಮನೆಯ ಸಕ್ಕರೆ ಬೇಗ ಒಡೆಯುವುದಿಲ್ಲ. ಅಂಥವರಿಗೆ ಗ್ಲೂಕೋಸೇ ಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.