ಹೆಣ್ಣು ಗಿನಿ ಪಿಗ್‌ಗಳ ಜಗಳ: ಯಾವಾಗ ಸುಮ್ಮನಿರಬೇಕು, ಯಾವಾಗ ಕೈ ಹಾಕಬೇಕು

ಗಂಡು ಗಿನಿ ಪಿಗ್‌ಗಳು ಕಚ್ಚಾಡುತ್ತವೆ, ಹೆಣ್ಣುಗಳು ತಣ್ಣಗಿರುತ್ತವೆ ಅಂತ ಅಂಗಡಿಯವರು ಹೇಳ್ತಾರೆ. ಅದು ಅರ್ಧ ಮಾತ್ರ ನಿಜ. ಬಳ್ಳಾರಿಯ ನಮ್ಮ ಮನೆಯಲ್ಲಿ ಮೂರು ಹೆಣ್ಣುಗಳಿವೆ: ಚಂಪಾ, ಮಲ್ಲಿ, ಆಮೇಲೆ ಬಂದ ಕೆಂಚಿ. ಇವುಗಳಲ್ಲಿ ಯಜಮಾನಿ ಯಾರು ಅನ್ನೋದು ಇತ್ಯರ್ಥ ಆಗುವವರೆಗೆ ಜಗಳ ನಿಲ್ಲೋದಿಲ್ಲ. ಆ ಇತ್ಯರ್ಥವನ್ನು ಅವೇ ಮಾಡಿಕೊಳ್ಳಬೇಕು. ನಾವು ನಡುವೆ ಹೋದಷ್ಟೂ ಅದು ಮುಂದಕ್ಕೆ ಹೋಗುತ್ತದೆ.

ಕೆಂಚಿಯನ್ನು ತಂದಾಗ ಮೊದಲು ಎರಡು ಮೂರು ವಾರ ಬೇರೆ ಕೋಣೆಯಲ್ಲೇ ಇಟ್ಟೆ. ಹುಳುಕಡ್ಡಿ, ಚರ್ಮದ ಹುಳ ಏನಾದರೂ ಇದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ಅಂಗಡಿಯಿಂದ ಬರುವ ಹೆಣ್ಣು ಗಬ್ಬವಾಗಿರುವ ಸಾಧ್ಯತೆಯೂ ಜಾಸ್ತಿ, ಅದನ್ನೂ ನೋಡಿಕೊಳ್ಳಬೇಕು. ಆಮೇಲೆ ಸೀದಾ ಚಂಪಾಳ ಗೂಡಿಗೆ ಬಿಡಲಿಲ್ಲ. ಅದು ಅವಳ ಮನೆ, ಅವಳು ಬಿಟ್ಟುಕೊಡೋದಿಲ್ಲ. ಯಾರಿಗೂ ಸೇರದ ಪಡಸಾಲೆಯಲ್ಲಿ ಹಳೇ ಬೆಡ್‌ಶೀಟ್ ಹಾಸಿ, ನಡುವೆ ಹುಲ್ಲಿನ ರಾಶಿ ಹಾಕಿ ಮೂರನ್ನೂ ಒಟ್ಟಿಗೆ ಬಿಟ್ಟೆ.

ಚಂಪಾ ಮೊದಲು ಹಿಂದಿನಿಂದ ಮೂಸಿದಳು. ಆಮೇಲೆ ಸೊಂಟ ಅಲ್ಲಾಡಿಸುತ್ತಾ, ವೈಬ್ರೇಟ್ ಆಗುವ ಫೋನಿನ ಹಾಗೆ ಗುರ್ ಅನ್ನುತ್ತಾ ಸುತ್ತು ಹಾಕಿದಳು. ಮೈಮೇಲೆ ಹತ್ತಿದಳು. ಕೆಂಚಿ ಹಿಂದಕ್ಕೆ ಉಚ್ಚೆ ಚಿಮ್ಮಿಸಿ ಓಡಿದಳು. ಕೊನೆಗೆ ಇಬ್ಬರೂ ಮೂಗಿಗೆ ಮೂಗು ತಂದು, ಗಲ್ಲ ಮೇಲೆತ್ತಿ ನಿಂತರು. ಒಬ್ಬಳು ಇನ್ನಷ್ಟು ಎತ್ತಿದರೆ ಇನ್ನೊಬ್ಬಳೂ ಎತ್ತುತ್ತಾಳೆ. ಹೀಗೇ ನಡೆದು ಕೆಂಚಿ ತಲೆ ತಗ್ಗಿಸಿದಳು. ಅಲ್ಲಿಗೆ ಒಂದು ಸುತ್ತು ಮುಗೀತು, ಇಬ್ಬರೂ ಹುಲ್ಲಿಗೆ ಬಾಯಿ ಹಾಕಿದರು.

ಇದನ್ನು ನೋಡಿದ ಪಕ್ಕದ ಮನೆಯ ಹುಡುಗಿ, "ಯಾಕಕ್ಕ, ಪಾಪ ಅದನ್ನ ಬೇರೆ ಇಡಬಾರ್ದಾ?" ಅಂದಳು. ಬೇರೆ ಇಟ್ಟು ಮತ್ತೆ ಬಿಟ್ಟರೆ ಇದೆಲ್ಲ ಮೊದಲಿಂದ ಶುರುವಾಗುತ್ತದೆ. ಅಟ್ಟಿಸಿಕೊಂಡು ಹೋಗೋದು, ಒಂದೆರಡು ಕೂದಲು ಕೀಳೋದು, ಮೇಲೆ ಹತ್ತೋದು, ಇಷ್ಟಕ್ಕೆಲ್ಲ ನಾನು ಕೈ ಹಾಕೋದಿಲ್ಲ. ಹಲ್ಲು ಕಟಕಟ ಅನ್ನಿಸೋದು ನಿಲ್ಲದೇ ಇದ್ದರೆ, ಕತ್ತಿನ ಕೂದಲು ನಿಮಿರಿದರೆ, ಮುಖಕ್ಕೇ ಹಾರಿದರೆ ಎಚ್ಚರ ಆಗಬೇಕು. ಎರಡೂ ಉಂಡೆಯಾಗಿ ಉರುಳಾಡಿದರೆ ಅಥವಾ ರಕ್ತ ಬಂದರೆ ತಕ್ಷಣ ಬಿಡಿಸಬೇಕು. ಬರಿಗೈ ಮಾತ್ರ ಬೇಡ, ಕಚ್ಚು ಆಳಕ್ಕೆ ಇಳಿಯುತ್ತದೆ. ದಪ್ಪ ಟವೆಲ್ ಮೇಲೆ ಎಸೆದು ಎತ್ತಿ. ಬಿಡಿಸಿದ ಮೇಲೂ ನಡುವೆ ಜಾಲರಿ ಹಾಕಿ ಅಕ್ಕಪಕ್ಕದಲ್ಲೇ ಇಡಿ. ಒಬ್ಬರ ವಾಸನೆ ಇನ್ನೊಬ್ಬರಿಗೆ ಸಿಗುತ್ತಾ ಇರಲಿ.

ಮಲ್ಲಿ ಸಾಧು. ಆದರೆ ಆಗಾಗ ಇದ್ದಕ್ಕಿದ್ದಂತೆ ಎಲ್ಲರ ಮೇಲೂ ಹತ್ತುತ್ತಾಳೆ, ಗುರ್ ಅನ್ನುತ್ತಾಳೆ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತಾ ಬಂದೆ. ಸುಮಾರು 16 ದಿನಕ್ಕೊಮ್ಮೆ ಬರುತ್ತಿತ್ತು. ಹೆಣ್ಣು ಗಿನಿ ಪಿಗ್ ಬೆದೆಗೆ ಬರೋದೇ 15ರಿಂದ 17 ದಿನಕ್ಕೊಮ್ಮೆ. ಅವತ್ತು ಸುಮ್ನೆ ಬಿಟ್ಟುಬಿಡ್ತೀನಿ, ಮಾರನೇ ದಿನ ಸರಿ ಹೋಗಿರುತ್ತಾಳೆ.

ನಮ್ಮೂರಲ್ಲಿ ಜಗಳಕ್ಕೆ ಇನ್ನೊಂದು ಕಾರಣ ಬಿಸಿಲು. ಇವು ಆಂಡಿಸ್ ಬೆಟ್ಟದ ಪ್ರಾಣಿಗಳು, ಬೆವರೋದಿಲ್ಲ. 27 ಡಿಗ್ರಿ ದಾಟಿದರೇ ಕಷ್ಟ. ಏಪ್ರಿಲ್, ಮೇನಲ್ಲಿ ಇಲ್ಲಿ 40 ದಾಟುತ್ತದೆ. ಗೂಡಿನಲ್ಲಿ ತಂಪು ಜಾಗ ಒಂದೇ ಇದ್ದರೆ ಅದನ್ನು ಯಜಮಾನಿ ಹಿಡಿದುಕೊಳ್ಳುತ್ತಾಳೆ, ಉಳಿದವಕ್ಕೆ ಒದೆ. ಅದಕ್ಕೇ ಮೂವರಿಗೂ ಒಂದೊಂದು ಕಡಪಾ ಕಲ್ಲಿನ ತುಂಡು, ಬಟ್ಟೆ ಸುತ್ತಿದ ಐಸ್ ಬಾಟಲಿ ಬೇರೆ ಬೇರೆ ಮೂಲೆಯಲ್ಲಿ ಇಟ್ಟಿದ್ದೇನೆ. ಕೂಲರ್ ಇದೆ, ಆದರೆ ಕರೆಂಟ್ ಹೋದಾಗ ಕೈ ಹಿಡಿಯೋದು ಈ ಕಲ್ಲು, ಬಾಟಲಿಗಳೇ.

ತಟ್ಟೆ, ನೀರಿನ ಬಾಟಲಿ, ಅಡಗುವ ಜಾಗ ಎಲ್ಲವೂ ತಲೆಗೊಂದು ಬೇಕು. ಅಡಗುವ ಜಾಗಕ್ಕೆ ಎರಡು ಬಾಗಿಲು ಕಡ್ಡಾಯ. ಒಂದೇ ಬಾಗಿಲಾದರೆ ಒಳಗಿದ್ದವಳು ಸಿಕ್ಕಿಬಿದ್ದಳು ಅಂತಲೇ ಲೆಕ್ಕ. ಬಳ್ಳಾರಿ ಜೀನ್ಸ್ ಹೊಲಿಯುವ ಊರು ಅಲ್ವಾ, ಅಗಲ ಕಾಲಿನ ಹಳೇ ಜೀನ್ಸ್ ಕತ್ತರಿಸಿ ಎರಡೂ ತುದಿ ಕ್ಲಿಪ್‌ನಿಂದ ಜಾಲರಿಗೆ ಸಿಕ್ಕಿಸಿದೆ. ಒಳ್ಳೇ ಸುರಂಗ ಆಯ್ತು. ತುದಿಯ ದಾರಗಳನ್ನು ಮಾತ್ರ ಮಡಚಿ ಹೊಲಿಯಬೇಕು, ಕಾಲಿಗೆ ಸುತ್ತಿಕೊಳ್ಳುತ್ತವೆ. ಜಾಗ ಎರಡಕ್ಕೆ ಕನಿಷ್ಠ 7.5 ಚದರ ಅಡಿ, ಮೂರಕ್ಕೆ 10.5. ಮಹಡಿ ಮೇಲೆ ಮಹಡಿ ಬೇಡ, ಓಡಲು ಉದ್ದ ಬೇಕು. ದೊಣ್ಣೆ ಮೆಣಸಿನಕಾಯಿ, ಕೊತ್ತಂಬರಿ, ಗರಿಕೆಯನ್ನು ಒಂದೇ ಕಡೆ ಗುಡ್ಡೆ ಹಾಕದೆ ಹರಡಿ ಹಾಕ್ತೀನಿ.

ಇಷ್ಟೆಲ್ಲ ಇದ್ದೂ ಈ ವರ್ಷ ಚಂಪಾ ಮತ್ತೆ ಕಾಡೋಕೆ ಶುರು ಮಾಡಿದಳು. 16 ದಿನದ ಲೆಕ್ಕವೂ ಹೊಂದಲಿಲ್ಲ, ದಿನಾ ಜಗಳ. ಮೈ ಸವರಿದಾಗ ಎರಡೂ ಪಕ್ಕೆಯಲ್ಲಿ ಕೂದಲು ತೆಳ್ಳಗಾಗಿತ್ತು, ಮೊಲೆತೊಟ್ಟಿನ ಸುತ್ತ ಹೆಕ್ಕಳಿಕೆ ಕಟ್ಟಿತ್ತು. ಪಶುವೈದ್ಯರು ಸ್ಕ್ಯಾನ್ ಮಾಡಿ ಅಂಡಾಶಯದಲ್ಲಿ ನೀರುಗುಳ್ಳೆ ಇದೆ ಅಂದರು. ವಯಸ್ಸಾದ ಹೆಣ್ಣುಗಳಲ್ಲಿ ಇದು ಸಾಮಾನ್ಯ. ಸಿಟ್ಟಿಗೆ ಅದೇ ಕಾರಣವಾಗಿತ್ತು. ಈಗ ಚಿಕಿತ್ಸೆ ನಡೀತಾ ಇದೆ. ಶಾಂತವಾಗಿದ್ದ ಹೆಣ್ಣು ದಿಢೀರ್ ಅಂತ ಬದಲಾದರೆ ಮೊದಲು ಮೈ ಮುಟ್ಟಿ ನೋಡಿ, ತೂಕ ಹಾಕಿ, ಡಾಕ್ಟರ ಹತ್ತಿರ ಹೋಗಿ. ಗೂಡು ಬದಲಾಯಿಸೋದು ಆಮೇಲೆ.