ತಮ್ಮನ ಕ್ಲೋಜಪಿನ್, ಅವನ ಬೀಡಿ

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿಗಳು ಕೇಳಿಸುವಂಥ ಮನೋರೋಗ. ದಾವಣಗೆರೆಯ ನಮ್ಮ ಮನೆಯಲ್ಲಿ ಅವನ ಮಾತ್ರೆಗಳ ಉಸ್ತುವಾರಿ ನನ್ನದು. ರಿಸ್ಪೆರಿಡೋನ್ ಆಯ್ತು, ಓಲಾಂಜಪಿನ್ ಆಯ್ತು. ಎರಡನ್ನೂ ಪೂರ್ತಿ ಡೋಸಿನಲ್ಲಿ ಸಾಕಷ್ಟು ಕಾಲ ಕೊಟ್ಟರೂ ಕಿವಿಯೊಳಗಿನ ದನಿ ನಿಲ್ಲಲಿಲ್ಲ. ಹೀಗೆ ಎರಡು ಔಷಧ ಕೈಕೊಟ್ಟ ಮೇಲೇ ಡಾಕ್ಟರು ಕ್ಲೋಜಪಿನ್ ಮಾತೆತ್ತುವುದು.

ಇದರಲ್ಲಿ ರಕ್ತ ಪರೀಕ್ಷೆ ತಪ್ಪಿಸುವ ಹಾಗಿಲ್ಲ. ಅಪರೂಪಕ್ಕೆ ಕೆಲವರಲ್ಲಿ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳು ಕುಸಿದುಬಿಡುತ್ತವೆ. ನಮಗೆ ಮೊದಲ 18 ವಾರ ವಾರಕ್ಕೊಮ್ಮೆ, ವರ್ಷ ತುಂಬುವವರೆಗೆ 2 ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಎಂದು ಬರೆದುಕೊಟ್ಟರು. ಜ್ವರ, ಗಂಟಲು ನೋವು ಬಂದರೆ ಮಾತ್ರೆ ನುಂಗಿಸಿ ಸುಮ್ನೆ ಮಲಗಿಸುವುದಿಲ್ಲ, ಅವತ್ತೇ ರಕ್ತ ಕೊಡಿಸುತ್ತೇನೆ.

ರಕ್ತದ ವಿಷಯ ಎಲ್ಲರೂ ಹೇಳುತ್ತಾರೆ. ಹೊಟ್ಟೆ ವಿಷಯ ಕೇಳುವವರು ಕಡಿಮೆ. ಕ್ಲೋಜಪಿನ್ ಕರುಳನ್ನು ಮಂದ ಮಾಡುತ್ತದೆ. ಮಲ ಕಟ್ಟಿ ವಿಪರೀತಕ್ಕೆ ಹೋದರೆ ಜೀವಕ್ಕೇ ಅಪಾಯ. ಹಾಗಾಗಿ ದಿನಾ ಬೆಳಿಗ್ಗೆ "ಹೋಯ್ತಾ?" ಅಂತ ಕೇಳುತ್ತಿದ್ದೆ. "ಬೇರೆ ಮಾತೇ ಇಲ್ವಾ ಅಕ್ಕಾ?" ಅಂತ ರೇಗುತ್ತಿದ್ದ. ಈಗ ಅವನೇ ಕ್ಯಾಲೆಂಡರಿನಲ್ಲಿ ಟಿಕ್ ಹಾಕುತ್ತಾನೆ. ಎರಡು ಮನೆ ಖಾಲಿ ಕಂಡರೆ ನಾನು ಡಾಕ್ಟರಿಗೆ ಫೋನ್ ಮಾಡುತ್ತೇನೆ. ಹೊಟ್ಟೆ ಉಬ್ಬಿ ನೋವು, ವಾಂತಿ ಶುರುವಾದರೆ ಫೋನೂ ಇಲ್ಲ, ನೇರ ಆಸ್ಪತ್ರೆ.

ಇನ್ನು ಬೀಡಿ. ಹೊಗೆ ಒಳಗೆ ಹೋಗುತ್ತಿದ್ದರೆ ಲಿವರ್ ಈ ಔಷಧವನ್ನು ಬೇಗ ಬೇಗ ಕರಗಿಸುತ್ತದೆ. ದಿಢೀರ್ ಅಂತ ಬಿಟ್ಟರೆ ಅದೇ ಡೋಸು ಮೈಯಲ್ಲಿ ಜಾಸ್ತಿಯಾಗಿ ಮಂಪರು, ಜೊಲ್ಲು, ಕೆಲವರಿಗೆ ಫಿಟ್ಸ್ ಕೂಡ. ತಮ್ಮ ಶ್ರಾವಣಕ್ಕೆ ಬೀಡಿ ಬಿಡುತ್ತೇನೆ ಎಂದು ಹೊರಟಾಗ, "ಧಾರಾಳವಾಗಿ ಬಿಡು, ಡಾಕ್ಟರಿಗೆ ಹೇಳಿ ಬಿಡು" ಅಂದೆ. ಅವರು ರಕ್ತದಲ್ಲಿ ಔಷಧದ ಮಟ್ಟ ನೋಡಿ ಡೋಸು ಇಳಿಸಿದರು. ಕಾರಣ ನಿಕೋಟಿನ್ ಅಲ್ಲವಂತೆ, ಹೊಗೆ. ನಿಕೋಟಿನ್ ಗಮ್ ಅಗಿಯುತ್ತಿದ್ದರೂ ಲೆಕ್ಕ ಬದಲಾಗುವುದಿಲ್ಲ.

ದುಗ್ಗಮ್ಮನ ಜಾತ್ರೆಗೆ ಮನೆ ತುಂಬ ನೆಂಟರು. ಆಗ ಮಾತ್ರೆ ಡಬ್ಬಿ ನನ್ನ ಬ್ಯಾಗಿನಲ್ಲೇ ಇರುತ್ತದೆ. 48 ಗಂಟೆಗಿಂತ ಜಾಸ್ತಿ ತಪ್ಪಿದರೆ ಹಳೇ ಡೋಸು ಒಟ್ಟಿಗೆ ಕೊಡುವಂತಿಲ್ಲ, ಬಿಪಿ ಬಿದ್ದುಹೋಗಬಹುದು. ಡಾಕ್ಟರು 12.5 ಮಿ.ಗ್ರಾಂ.ನಿಂದ ಮತ್ತೆ ಮೆಲ್ಲಗೆ ಏರಿಸಬೇಕಾಗುತ್ತದೆ.

ಈ ಮಾತ್ರೆಯಿಂದ ಏರುವ ತೂಕ ಮಾತ್ರ ನನ್ನ ಕೈಗೆ ಸಿಕ್ಕಿಲ್ಲ. ಬೆಣ್ಣೆದೋಸೆ ಊರಲ್ಲಿ ಅವನೊಬ್ಬನಿಗೇ ಪಥ್ಯ ಹೇಳುವುದು ಹೇಗೆ ಅಲ್ವಾ? ಶುಗರ್ ನೋಡಿಸುತ್ತಿದ್ದೇವೆ. ಅವನೀಗ ಮಂಡಕ್ಕಿ ಭಟ್ಟಿಯಲ್ಲಿ ಲೆಕ್ಕ ಬರೆಯುತ್ತಾನೆ. ಬೆಳಿಗ್ಗೆ ಮಂಪರು ಇನ್ನೂ ಪೂರ್ತಿ ಹೋಗಿಲ್ಲ, ಅದಕ್ಕೇ ಒಲೆ ಹತ್ತಿರದ ಕೆಲಸ ಬೇಡ ಎಂದು ಮಾಲೀಕರಿಗೆ ಮೊದಲೇ ಹೇಳಿದ್ದೇನೆ.