ಹತ್ತಡಿ ಕೋಣೆಗೆ ಎಂಟಿಂಚಿನ ಸ್ಪೀಕರ್ ಯಾಕೆ ಸ್ವಾಮಿ?

"ಕಾರಲ್ಲಿ ಹಾಕಿದ್ರೆ ತಂಬೂರಿನೇ ಇಲ್ಲ ಮಾರಾಯ!"

ಸ್ನೇಹಿತ ಫೋನ್ ಮಾಡಿದಾಗ ರಾತ್ರಿ ಹನ್ನೊಂದು ಗಂಟೆ. ಬಸವನಗುಡಿಯ ಅವನ ಮನೆಯಲ್ಲಿ ಎಂಟಡಿಗೆ ಹತ್ತಡಿಯ ಒಂದು ಕೋಣೆ ಇದೆ. ಮೊದಲು ಅದು ಸ್ಟೋರ್ ರೂಮ್. ಈಗ ಅಲ್ಲಿ ಕಂಪ್ಯೂಟರ್, ಮೈಕು, ಒಂದು ಪ್ಲೈವುಡ್ ಮೇಜು, ಅದರ ಮೇಲೆ ಎಂಟಿಂಚಿನ ಎರಡು ಮಾನಿಟರ್, ಅಂದರೆ ಸ್ಟುಡಿಯೋ ಸ್ಪೀಕರ್. ಗುರುಗಳ ಹಾಡುಗಾರಿಕೆ ರೆಕಾರ್ಡ್ ಮಾಡಿ ಮಿಕ್ಸ್ ಮಾಡುತ್ತಿದ್ದ, ಅಂದರೆ ಬೇರೆ ಬೇರೆ ದನಿಗಳನ್ನು ಹದವಾಗಿ ಬೆರೆಸುತ್ತಿದ್ದ. ಕೋಣೆಯಲ್ಲಿ ತಂಬೂರಿಯ ಅತಿ ತಗ್ಗಿನ, ಖರ್ಜದ ತಂತಿ ಗುಂಯ್ ಅಂತ ಕಿವಿ ತುಂಬುತ್ತಿತ್ತು. ಜಾಸ್ತಿ ಆಯ್ತು ಅಂತ ಬೇಸ್ ಇಳಿಸಿದ. ಇನ್ನೂ ಇಳಿಸಿದ. ಕಾರಿಗೆ ಹೋಗುವಷ್ಟರಲ್ಲಿ ತಂಬೂರಿಯೇ ಮಾಯ.

ಅವನ ಸ್ಪೀಕರ್ ಕೆಟ್ಟದ್ದೇನಲ್ಲ. ಗುಂಯ್ ಅಂದದ್ದು ಕೋಣೆ. ಇಂಥ ಐದಾರು ಕೋಣೆ ನೋಡಿದ್ದೇನೆ, ಎಲ್ಲ ಕಡೆಯೂ ಕಥೆ ಒಂದೇ. ದುಡ್ಡೆಲ್ಲ ಪೆಟ್ಟಿಗೆಗೆ ಹೋಗಿರುತ್ತದೆ, ಅದನ್ನು ಎಲ್ಲಿಡಬೇಕು ಅಂತ ಐದು ನಿಮಿಷವೂ ಯೋಚಿಸಿರುವುದಿಲ್ಲ.

1. ಮೊದಲು ಟೇಪು, ಆಮೇಲೆ ಪರ್ಸು

ಕೋಣೆಯ ಉದ್ದ, ಅಗಲ, ಎತ್ತರ ಮೂರನ್ನೂ ಅಡಿಯಲ್ಲಿ ಅಳೆಯಿರಿ. 565ನ್ನು ಒಂದೊಂದರಿಂದಲೂ ಭಾಗಿಸಿ. ಎದುರುಬದುರು ಗೋಡೆಗಳ ನಡುವೆ ಸಿಕ್ಕಿಕೊಂಡು ಮೊಳಗುವ ಅತಿ ತಗ್ಗಿನ ದನಿ ಎಷ್ಟು ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ) ಅಂತ ಗೊತ್ತಾಗುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ, ಅದರ ಅರ್ಧವೇ ಈ 565. ಹತ್ತಡಿಗೆ 56 ಬರುತ್ತದೆ, ಎಂಟಡಿಗೆ 70.

ಸ್ನೇಹಿತನ ಗುರುಗಳ ಶ್ರುತಿ ಕಪ್ಪು ಒಂದು, ಅಂದರೆ ಸಿ ಶಾರ್ಪ್. ಅವರ ಷಡ್ಜ ಸುಮಾರು 138 ಹರ್ಟ್ಸ್. ಖರ್ಜದ ತಂತಿ ಅದರ ಅರ್ಧ, 69. ಇವನೋ ಮೇಜನ್ನು ಉದ್ದನೆಯ ಗೋಡೆಗೆ ಹಾಕಿ, ಎಂಟಡಿ ಆಚೆಯ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಎಂಟಡಿ ಮೊಳಗುವುದು 70ರಲ್ಲಿ, ತಂತಿ ಇರುವುದು 69ರಲ್ಲಿ. ಆ ಮೊಳಗು ಗೋಡೆಯ ಪಕ್ಕದಲ್ಲೇ ಅತಿ ಜೋರು. ಇಲ್ಲದ ಬೇಸ್ ಅವನಿಗೆ ಕೇಳಿಸದೆ ಇನ್ನೇನು?

ಉದ್ದ, ಅಗಲ, ಎತ್ತರ ಮೂರೂ ಹತ್ತತ್ತಡಿ ಇರುವ ಕೋಣೆ ಎಲ್ಲಕ್ಕಿಂತ ಕಷ್ಟ. ಮೂರು ಕಡೆಯ ಮೊಳಗೂ ಒಂದೇ ಹರ್ಟ್ಸ್‌ಗೆ ಬಂದು ಬೀಳುತ್ತದೆ. ಮನೆಯಲ್ಲಿ ಬೇರೆ ಕೋಣೆ ಇದ್ದರೆ ಅದನ್ನೇ ಹಿಡಿಯಿರಿ.

2. ಐದು ಇಂಚು ಸಾಕು

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆ ತಿನ್ನುವ ಕೆಲಸ ಮಾನಿಟರಿನದು. ಹಾಡನ್ನು ಚೆಂದ ಮಾಡಿ ಕೇಳಿಸುವುದಕ್ಕೆ ಅದನ್ನು ತರುವುದಿಲ್ಲ. ಹಾಗಾಗಿ ಮೊದಲ ದಿನ ಸಪ್ಪೆ ಅನ್ನಿಸಿದರೆ ಗಾಬರಿ ಬೇಡ.

ಹತ್ತು, ಹನ್ನೆರಡು ಅಡಿಯ ಕೋಣೆಗೆ ನಾಲ್ಕು ಅಥವಾ ಐದು ಇಂಚಿನ ವೂಫರ್ (ತಗ್ಗು ದನಿ ಕೊಡುವ ದೊಡ್ಡ ಕೋನು) ಇರುವುದು ತಗೊಳ್ಳಿ. ಎಂಟು ಇಂಚಿನದು ಬೇಡವೇ ಬೇಡ. ಅದು ಕೊಡುವ ಹೆಚ್ಚಿನ ಬೇಸನ್ನು ಕೋಣೆ ಕೆಡಿಸುತ್ತದೆ, ಆಮೇಲೆ ಕೋಣೆಯನ್ನು ನೀವು ಬೈಯುತ್ತೀರಿ. ದೊಡ್ಡ ಸ್ಟುಡಿಯೋಗಳಲ್ಲೂ ವರ್ಷಗಟ್ಟಲೆ ಕೆಲಸ ನಡೆದದ್ದು ಸಣ್ಣ ಪೆಟ್ಟಿಗೆಗಳ ಮೇಲೆ. ಬಿಳಿ ಕೋನಿನ ಯಮಹಾ ಎನ್‌ಎಸ್-10 ನೋಡಿ. 1978ರಲ್ಲಿ ಮನೆಯಲ್ಲಿ ಹಾಡು ಕೇಳುವವರಿಗೆ ಅಂತ ಬಂದದ್ದು, ಮಿಕ್ಸಿಂಗ್ ಮಾಡುವವರ ಮೇಜಿನ ಮೇಲೆ ಕೂತು 2001ರವರೆಗೆ ತಯಾರಾಯಿತು. ಅದರಲ್ಲಿ ಬೇಸ್ ಅಷ್ಟಕ್ಕಷ್ಟೇ.

ಡಬ್ಬದ ಮೇಲಿನ ಅಂಕಿ ಓದುವಾಗ ಒಂದು ಎಚ್ಚರ. 'ಇಷ್ಟು ಹರ್ಟ್ಸ್‌ನಿಂದ' ಅಂತ ಬರೆದಿದ್ದರೆ ಯಾವ ಲೆಕ್ಕದಲ್ಲಿ, ಅಂದರೆ ಅಲ್ಲಿ ದನಿಯ ಜೋರು ಎಷ್ಟು ಡೆಸಿಬಲ್ ಕುಸಿದಿರುತ್ತದೆ ಅಂತ ನೋಡಿ. ಜೆಬಿಎಲ್ 305ಪಿ ಮಾರ್ಕ್ 2 ಮೂರು ಡೆಸಿಬಲ್ ಏರುಪೇರಿನ ಲೆಕ್ಕದಲ್ಲಿ 49ಕ್ಕೆ ಇಳಿಯುತ್ತದೆ, ಹತ್ತು ಡೆಸಿಬಲ್ ಕುಸಿತದ ಲೆಕ್ಕದಲ್ಲಿ 43ಕ್ಕೆ. ಯಮಹಾ ಎಚ್‌ಎಸ್5ರ 54 ಅನ್ನುವುದು ಹತ್ತು ಡೆಸಿಬಲ್ ಲೆಕ್ಕದ್ದು. ಯಾವ ಲೆಕ್ಕವನ್ನೂ ಹೇಳದ ಅಂಕಿಯನ್ನು ನಾನು ನಂಬುವುದಿಲ್ಲ. ಪಿಎಂಪಿಒ ಅಂತ ಉಬ್ಬಿಸಿದ ಲೆಕ್ಕದಲ್ಲಿ ಸಾವಿರಾರು ವಾಟ್ ಬರೆದ ಡಬ್ಬ ಕಂಡರೆ ಮುಂದಿನ ಅಂಗಡಿಗೆ ನಡೆಯಿರಿ.

ಮಾತು, ಪಾಡ್‌ಕಾಸ್ಟ್, ಕಥೆ ಓದುವುದು ಇಷ್ಟೇ ಆದರೆ ಎಡಿಫೈಯರ್ ಎಂಆರ್4, ಪ್ರಿಸೋನಸ್ ಎರಿಸ್ 3.5 ಥರದ್ದು ಸಾಕು. ಎರಿಸ್ 80 ಹರ್ಟ್ಸ್‌ವರೆಗೆ ಇಳಿಯುತ್ತದೆ, ಎಂಆರ್4 60ರವರೆಗೆ. ತಬಲಾ, ಮೃದಂಗ, ತಂಬೂರಿ ಬಂದರೆ ಐದಿಂಚು ಬೇಕು. ನನ್ನ ಆಯ್ಕೆ ಎಚ್‌ಎಸ್5. ತಬಲಾ ಜೋಡಿಯ ಎಡಗೈ ವಾದ್ಯ ಡಗ್ಗಾದ ತಗ್ಗು ದನಿ ಪೂರ್ತಿ ಸಿಗುವುದಿಲ್ಲ, ಅದನ್ನು ಹೆಡ್‌ಫೋನಿನಲ್ಲಿ ನೋಡಿಕೊಳ್ಳುತ್ತೇನೆ. ಆದರೆ ಗಾಯಕರ ಬಾಯಲ್ಲಿ 'ಸ' ಅಕ್ಷರ ಸೀಟಿ ಹೊಡೆದರೆ ಅದು ಮುಲಾಜಿಲ್ಲದೆ ಹೇಳುತ್ತದೆ. ಬ್ಲೂಟೂತ್ ಇದೆಯಾ ಅಂತ ಕೇಳಬೇಡಿ, ಇದ್ದರೂ ಮಿಕ್ಸಿಂಗಿಗೆ ಬಳಸಬೇಡಿ. ದನಿ ತಡವಾಗಿ ಬರುತ್ತದೆ. ಸಬ್‌ವೂಫರ್ ಜೊತೆ ಬರುವ 2.1 ಸೆಟ್ಟು ಟೀವಿಗೆ ಇರಲಿ.

3. ಅಂಗಡಿಯಲ್ಲಿ

ಬೆಲೆ ಜೋಡಿಗೋ ಒಂದಕ್ಕೋ, ಕೇಳಿ. ಎರಿಸ್ 3.5, ಎಂಆರ್4 ಜೋಡಿಯಾಗಿ ಬರುತ್ತವೆ. ಎಚ್‌ಎಸ್5, 305ಪಿ ಬಿಡಿಬಿಡಿಯಾಗಿ. ಆನ್‌ಲೈನಲ್ಲಿ ಅಗ್ಗ ಅಂತ ಒತ್ತಿ, ಮನೆಗೆ ಒಂದೇ ಪೆಟ್ಟಿಗೆ ಬಂದಾಗ ತಲೆ ಕೆರೆದುಕೊಂಡವರನ್ನು ಬಲ್ಲೆ.

ನಿಮಗೆ ಬಾಯಿಪಾಠವಾಗಿರುವ ಮೂರು ಹಾಡು, ಜೊತೆಗೆ ಮನೆಯವರ ಮಾತಿನ ಒಂದು ರೆಕಾರ್ಡಿಂಗ್ ಒಯ್ಯಿರಿ. ಹಾಡು ಮೋಸ ಮಾಡಬಹುದು, ಗುರುತಿನ ದನಿ ಮಾಡುವುದಿಲ್ಲ. ಎರಡು ಮಾಡೆಲ್ ಹೋಲಿಸುವಾಗ ವಾಲ್ಯೂಮ್ ಸಮ ಇರಲಿ, ಯಾಕೆಂದರೆ ಸ್ವಲ್ಪ ಜೋರಾಗಿರುವುದೇ ಯಾವಾಗಲೂ ಚೆನ್ನಾಗಿ ಕೇಳಿಸುತ್ತದೆ. ಹಾಡು ನಿಲ್ಲಿಸಿ ಟ್ವೀಟರಿಗೆ, ಅಂದರೆ ತಾರದ ದನಿ ಕೊಡುವ ಸಣ್ಣ ಭಾಗಕ್ಕೆ, ಕಿವಿ ಕೊಡಿ. ಮೂರಡಿ ದೂರಕ್ಕೂ ಸುಸ್ ಅಂತ ಕೇಳಿಸಿದರೆ ಬೇಡ.

ಅಮೆರಿಕದಿಂದ ತರಿಸುವವರಿಗೆ ನನ್ನದೇ ಕಥೆ. ಭಾವ ಬರುವಾಗ ಒಂದು ಜೋಡಿ ಹೊತ್ತು ತಂದರು. ಹಿಂದೆ 120 ವೋಲ್ಟ್ ಅಂತ ಇದ್ದದ್ದನ್ನು ಓದದೆ ನಮ್ಮ 230ಕ್ಕೆ ಚುಚ್ಚಿದೆ. ಟಪ್ ಅಂತ ಒಂದು ಸದ್ದು, ಸುಟ್ಟ ವಾಸನೆ. ಭಾವ ಇನ್ನೂ ಕಾಫಿ ಮುಗಿಸಿರಲಿಲ್ಲ. ಕೆಲವು ಮಾಡೆಲ್ 100ರಿಂದ 240 ವೋಲ್ಟ್‌ವರೆಗೆ ತಡೆಯುತ್ತವೆ, ಎಲ್ಲವೂ ಅಲ್ಲ. ತಡೆಯದ್ದಕ್ಕೆ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. ಚುಚ್ಚುವ ಮೊದಲು ತನ್ನಿ.

4. ಇಡುವುದು: ಎಲ್ಲರೂ ಕೆಡಿಸುವುದು ಇಲ್ಲೇ

ಒಂದು ಇಡೀ ಭಾನುವಾರ ಇದಕ್ಕೆ ಕೊಡಿ. ಮೇಜಿನ ಮೇಲಿನದ್ದನ್ನೆಲ್ಲ ಇಳಿಸಿ.

ಸ್ಪೀಕರ್ ಕೋಣೆಯ ಉದ್ದಕ್ಕೆ ಮುಖ ಮಾಡಬೇಕು. ಅಂದರೆ ಮೇಜು ಕಿರಿದಾದ ಗೋಡೆಗೆ, ಸರಿಯಾಗಿ ಅದರ ನಡುವೆ. ಎಡಗಡೆ ಗೋಡೆ ಎಷ್ಟು ದೂರವೋ ಬಲಗಡೆಯೂ ಅಷ್ಟೇ. ಒಂದು ಸ್ಪೀಕರ್ ಮೂಲೆಗೆ, ಇನ್ನೊಂದು ಬಾಗಿಲ ಪಕ್ಕಕ್ಕೆ ಇದ್ದರೆ ಹಾಡುವವರು ಒಂದು ಕಡೆ ವಾಲಿದ ಹಾಗೆ ಕೇಳಿಸುತ್ತಾರೆ. ಸಮ ದೂರದಿಂದ ಇನ್ನೊಂದು ಲಾಭ ಇದೆ. ಎರಡರಿಂದಲೂ ಒಟ್ಟಿಗೆ ಬರುವ ದನಿಗೆ ಪಕ್ಕದ ಗೋಡೆಗಳ ಮೊದಲ ಮೊಳಗನ್ನು ಎಬ್ಬಿಸಲು ಆಗುವುದಿಲ್ಲ. ಒಂದು ಒತ್ತಿದ್ದನ್ನು ಇನ್ನೊಂದು ಎಳೆದು ಸರಿ ಮಾಡುತ್ತದೆ.

ಕೂರುವ ಜಾಗ ಮುಂದಿನ ಗೋಡೆಯಿಂದ ಕೋಣೆಯ ಉದ್ದದ 38 ಭಾಗದಷ್ಟು ದೂರ, ನೂರಕ್ಕೆ. ಹತ್ತಡಿಯಾದರೆ 3.8 ಅಡಿ. ಇದು ಶುರು ಮಾಡಲಿಕ್ಕೆ ಅಷ್ಟೇ, ಆಮೇಲೆ ಅರ್ಧ ಅಡಿ ಹಿಂದೆ ಮುಂದೆ ಸರಿದು ನೋಡಿ. ಸರಿಯಾಗಿ ಮಧ್ಯದಲ್ಲಿ ಮಾತ್ರ ಕೂರಬೇಡಿ, ಅಲ್ಲಿ ಹತ್ತಡಿಯ 56 ಹರ್ಟ್ಸ್ ಬಹುಪಾಲು ಕಾಣೆಯಾಗುತ್ತದೆ. ಹಿಂದಿನ ಗೋಡೆಗೆ ಒರಗಿದರೆ ಅದೇ 56 ಮೈಮೇಲೆ ಬೀಳುತ್ತದೆ.

ಈಗ ದಾರ ತನ್ನಿ. ಹೂ ಕಟ್ಟುವ ದಾರವೇ ಆಗಲಿ. ಮೂರಡಿಗೊಂದರಂತೆ ಮೂರು ಗಂಟು ಹಾಕಿ, ತುದಿ ಸೇರಿಸಿದರೆ ಮೂರೂ ಬದಿ ಸಮವಾದ ತ್ರಿಕೋನ. ಎರಡು ಗಂಟು ಟ್ವೀಟರುಗಳ ಹತ್ತಿರ, ಒಂದು ನಿಮ್ಮ ಮೂಗಿನ ಹತ್ತಿರ. ಸ್ಪೀಕರ್ ಎರಡೂ ನಿಮ್ಮ ಕಡೆ ತಿರುಗಿರಲಿ. ಟ್ವೀಟರ್ ಕಿವಿಯ ಎತ್ತರಕ್ಕೆ. ಮೇಜಿನ ಮೇಲೆ ಹಾಗೇ ಇಟ್ಟರೆ ಟ್ವೀಟರ್ ಎದೆಗೆ ಹಾಡುತ್ತದೆ, ತಂಬೂರಿಯ ಝೇಂಕಾರ, ಅಂದರೆ ಜೀವಾರಿ, ಮೊಂಡಾಗುತ್ತದೆ.

ಎತ್ತರಿಸಲು ದುಬಾರಿ ಸ್ಟ್ಯಾಂಡ್ ಬೇಕಿಲ್ಲ. ಮನೆ ಕಟ್ಟುವ ಕಡೆ ಸಿಗುವ ಸಾಲಿಡ್ ಬ್ಲಾಕ್ ಒಂದೊಂದು ಸ್ಪೀಕರಿಗೆ ನಾಲ್ಕೈದು ತಂದು ಮೇಜಿನ ಹಿಂದೆ ನೆಲದ ಮೇಲೇ ಪೇರಿಸಿ. ಅಲುಗದ ಹಾಗೆ ಒಂದರ ಮೇಲೊಂದು ಸರಿಯಾಗಿ ಕೂತಿರಬೇಕು, ಮನೆಯಲ್ಲಿ ಮಕ್ಕಳಿದ್ದರೆ ಗೋಡೆಗೆ ಬಿಗಿಯಿರಿ. ಮೇಲೊಂದು ಗ್ರಾನೈಟ್ ತುಂಡು, ಅದರ ಮೇಲೆ ದಪ್ಪ ರಬ್ಬರ್ ಮ್ಯಾಟು, ಅದರ ಮೇಲೆ ಸ್ಪೀಕರ್. ಪ್ಲೈವುಡ್ ಮೇಜು ತಾನೇ ಒಂದು ಡೋಲು, ಸ್ಪೀಕರ್ ಅದನ್ನು ಮುಟ್ಟದಿದ್ದರೆ ಅರ್ಧ ಗುಂಯ್ ಕಡಿಮೆ.

ಸ್ಪೀಕರಿನ ಬೆನ್ನ ಹಿಂದಿನ ಗೋಡೆಯಿಂದ ಎಷ್ಟು ದೂರ? ಇಲ್ಲಿ ಬಹಳ ಜನ ಎಡವುತ್ತಾರೆ. ಗೋಡೆಯಿಂದ ದೂರ ಇಡಿ ಅಂತ ಎಲ್ಲೋ ಓದಿ ಎರಡಡಿ ಮುಂದೆ ಎಳೆಯುತ್ತಾರೆ. ಗೋಡೆಗೆ ಹೋಗಿ ವಾಪಸ್ ಬಂದ ದನಿ ನೇರ ದನಿಗೆ ಎದುರಾಗಿ ಯಾವುದೋ ಒಂದು ಹರ್ಟ್ಸ್‌ನ ದನಿಯನ್ನು ನುಂಗಿ ಹಳ್ಳ ತೋಡುತ್ತದೆ. 282ನ್ನು ಸ್ಪೀಕರಿನ ಮುಖ ಗೋಡೆಯಿಂದ ಇರುವ ಅಡಿಯಿಂದ ಭಾಗಿಸಿದರೆ ಆ ಹಳ್ಳ ಎಷ್ಟು ಹರ್ಟ್ಸ್‌ನಲ್ಲಿ ಅಂತ ಸಿಗುತ್ತದೆ. ಎರಡಡಿಗೆ 141. ನಮ್ಮ ಗುರುಗಳ ಷಡ್ಜ 138! ಸಣ್ಣ ಕೋಣೆಯಲ್ಲಿ ಗೋಡೆಯ ಹತ್ತಿರವೇ ಒಳ್ಳೆಯದು. ಪೆಟ್ಟಿಗೆಯ ಬೆನ್ನಿಗೂ ಗೋಡೆಗೂ ಅರ್ಧ ಗೇಣು ಬಿಟ್ಟರೆ ಮುಖ ಒಂದಡಿಯ ಮೇಲೆ ಸ್ವಲ್ಪ ಬರುತ್ತದೆ, ಹಳ್ಳ 245ರ ಸುತ್ತ ಹೋಗುತ್ತದೆ. ಅಲ್ಲಿ ಅದನ್ನು ನಾಲ್ಕಿಂಚು ದಪ್ಪದ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ಹಲಗೆ) ಹಿಡಿಯಬಲ್ಲದು, 141ರಲ್ಲಿ ಅದಕ್ಕೆ ಅಷ್ಟಾಗಿ ಆಗುವುದಿಲ್ಲ. ಗೋಡೆ ಹತ್ತಿರವಾದ್ದರಿಂದ ಬೇಸ್ ಏರುತ್ತದೆ, ನಿಜ. ಅದಕ್ಕೇ ಎಚ್‌ಎಸ್5ರ ಬೆನ್ನಲ್ಲಿ ಎರಡು ಅಥವಾ ನಾಲ್ಕು ಡೆಸಿಬಲ್ ಇಳಿಸುವ ರೂಮ್ ಕಂಟ್ರೋಲ್ ಸ್ವಿಚ್ ಇದೆ. ಕೊಂಡವರಲ್ಲಿ ಹೆಚ್ಚಿನವರು ಅದನ್ನು ಮುಟ್ಟಿರುವುದೇ ಇಲ್ಲ.

ಇನ್ನು ಗೋಡೆ. ನೀವು ಕೂತಲ್ಲೇ ಕೂತಿರಿ, ಇನ್ನೊಬ್ಬರು ಪಕ್ಕದ ಗೋಡೆಗೆ ಕನ್ನಡಿ ಆನಿಸಿಕೊಂಡು ಸರಿಸುತ್ತಾ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲಿ ಚಾಕ್‌ಪೀಸ್ ಗುರುತು. ಆ ಜಾಗಕ್ಕೆ ಮರದ ಚೌಕಟ್ಟಿನಲ್ಲಿ ಕೂರಿಸಿದ ರಾಕ್‌ವೂಲ್ ಹಲಗೆ, ಮೇಲೆ ಉಸಿರಾಡುವ ಬಟ್ಟೆ. ಇಳಕಲ್ ಸೀರೆ ಹೊದಿಸಿದವರನ್ನೂ ನೋಡಿದ್ದೇನೆ, ಚೆನ್ನಾಗೇ ಇತ್ತು. ರಾಕ್‌ವೂಲ್ ಕತ್ತರಿಸುವಾಗ ಕೈಗವಸು, ಮಾಸ್ಕ್ ಹಾಕಿ. ಇಲ್ಲದಿದ್ದರೆ ರಾತ್ರಿಯೆಲ್ಲ ತುರಿಕೆ. ದುಡ್ಡು ಮುಗಿದಿದ್ದರೆ ಹಳೇ ಹತ್ತಿ ಹಾಸಿಗೆ ಸುರುಳಿ ಸುತ್ತಿ ಮೂಲೆಗಳಲ್ಲಿ ನಿಲ್ಲಿಸಿ.

ಮೊಟ್ಟೆ ಟ್ರೇ ಅಂಟಿಸಬೇಡಿ. ಒಂದಿಂಚಿನ ಫೋಮ್ ಚೌಕಗಳೂ ಬೇಡ. ಎರಡೂ ತಾರದ ದನಿಯನ್ನಷ್ಟೇ ಕುಗ್ಗಿಸುತ್ತವೆ, ಗುಂಯ್ ಹಾಗೇ ಉಳಿಯುತ್ತದೆ. ಅಗ್ಗದ ಫೋಮಿಗೆ ಬೆಂಕಿ ಬೇಗ ಹಿಡಿಯುತ್ತದೆ ಬೇರೆ.

5. ವೈರು

ಇಂಟರ್‌ಫೇಸಿನಿಂದ (ಮೈಕನ್ನೂ ಸ್ಪೀಕರನ್ನೂ ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ) ಸ್ಪೀಕರಿಗೆ ಬ್ಯಾಲೆನ್ಸ್ಡ್ ಕೇಬಲ್, ಅಂದರೆ ಹೊರಗಿನ ಗಲಾಟೆಯನ್ನು ದೂರ ಇಡುವ ವೈರು. ಹೆಡ್‌ಫೋನ್ ತೂತಿನಿಂದ ಎಳೆಯಬೇಡಿ. ಸ್ಪೀಕರಿನಲ್ಲಿ ಕರೆಂಟಿನ ಹಮ್ ಸದ್ದು ಬರುತ್ತದೆ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿಯುವುದು ಶಾಕ್ ಹೊಡೆಸಿಕೊಳ್ಳುವ ಕೆಲಸ.

6. ತಗ್ಗು ದನಿಯಲ್ಲಿ ಶುರು

ಇಪ್ಪತ್ತು ಹರ್ಟ್ಸ್‌ನಿಂದ ಮುನ್ನೂರರವರೆಗೆ ನಿಧಾನ ಏರುವ ದನಿ ಬಿಡಿ. ಕಬ್ಬಿಣದ ಬೀರು, ಕಿಟಕಿ ಗಾಜು, ಗೋಡೆಯ ಫೋಟೊ ಯಾವುದಾದರೂ ಒಂದು ಗಡಗಡ ಅನ್ನುತ್ತದೆ. ರಟ್ಟು ಸಿಕ್ಕಿಸಿ. ಪಕ್ಕದಲ್ಲಿ ಕೂತವರ ಜೊತೆ ಮಾತಾಡಲು ಆಗುವಷ್ಟು ವಾಲ್ಯೂಮಿನಲ್ಲಿ ಕೆಲಸ ಮಾಡಿ.  ಮೊದಲ ಎರಡು ವಾರ ಮಿಕ್ಸ್ ಮಾಡದೆ, ಚೆನ್ನಾಗಿ ಗೊತ್ತಿರುವ ಹಾಡುಗಳನ್ನು ಸುಮ್ನೆ ಕೇಳಿ. ಈ ಕೋಣೆಯಲ್ಲಿ ಅವು ಹೇಗೆ ಕೇಳಿಸುತ್ತವೆ ಅಂತ ಕಿವಿಗೆ ರೂಢಿಯಾಗಬೇಕು.

ಸ್ನೇಹಿತ ಎಂಟಿಂಚಿನದ್ದನ್ನು ಮಾರಿದ. ಐದಿಂಚು ತಂದು, ಉಳಿದ ದುಡ್ಡಿಗೆ ರಾಕ್‌ವೂಲ್ ತಂದ. ಮೇಜು ಗೋಡೆ ಬದಲಿಸಿತು. ಅದೇ ರೆಕಾರ್ಡಿಂಗನ್ನು ಮತ್ತೆ ಮಿಕ್ಸ್ ಮಾಡಿ ಕಳಿಸಿದ. ಕಾರಿನಲ್ಲಿ ಹಾಕಿದೆ. ತಂಬೂರಿ ಇತ್ತು. ಈಗಿನ ತಕರಾರು ಮೇಲಿನ ಮನೆಯ ಆಂಟಿಯದು. ರಾಕ್‌ವೂಲ್ ಹಾಕಿದರೆ ಹೊರಗೆ ಕೇಳಿಸುವುದಿಲ್ಲ ಅಂತ ಯಾರೋ ಅವನಿಗೆ ಹೇಳಿದ್ದರಂತೆ. ಅದು ಒಳಗಿನ ದನಿ ತಿದ್ದುತ್ತದೆ, ಹೊರಗೆ ಹೋಗುವುದನ್ನು ತಡೆಯುವುದಿಲ್ಲ. ರಾತ್ರಿ ಹತ್ತರ ಮೇಲೆ ಅವನೀಗ ಹೆಡ್‌ಫೋನ್ ಹಾಕಿಕೊಳ್ಳುತ್ತಾನೆ.